ಹಿಟ್ಟಿಗೆ ತೊಡಿಸಿದ ಕೋಟು

ಡೆನ್ಮಾರ್ಕಿನಿಂದ ನಾನು ಹೊತ್ತು ತಂದ ಸಾಮಾನುಗಳಲ್ಲಿ ಅಹಮದಾಬಾದಿನಲ್ಲಿ ಯಾವ ಉಪಯೋಗಕ್ಕೂ ಬಾರದ್ದು ನನ್ನ ಉಣ್ಣೆಯ ಕೋಟು. ಮೊಣಕಾಲು ಮುಟ್ಟುವ, ಕುರಿಮರಿಯಷ್ಟು ಭಾರದ ಕೋಟು.

"ಇದನ್ನು ಹಾಕಿಕೊಂಡು ನಮ್ಮ ನವರಂಗಪುರದ ಬೀದಿಯಲ್ಲಿ ನಡೆದ್ರೆ ನಾಯಿಗಳೆಲ್ಲ ಹಿಂದೆ ಬೀಳ್ತವೆ ಮಾರಾಯ್ತಿ" ಎಂದು ಅಪ್ಪ ಮೊದಲ ದಿನವೇ ಹೇಳಿಬಿಟ್ಟಿದ್ದರು.

ವಡೋದರಾದಲ್ಲಿ ಆಹಾರ ವಿಜ್ಞಾನ ಓದಿದ ಮೇಲೆ ಆರು ತಿಂಗಳ ತರಬೇತಿಗೆಂದು ನಾನು ಡೆನ್ಮಾರ್ಕಿನ ಸಣ್ಣ ಊರೊಂದರ ಬೇಕರಿಗೆ ಹೋಗಿದ್ದೆ. ಅಜ್ಜಿಯ ಕಥೆಗಳಲ್ಲಿ ಏಳು ಸಮುದ್ರದಾಚೆ ಒಂದು ರಾಜ್ಯ ಬರುತ್ತಿತ್ತು. ಹೊತ್ತು ಇಳಿಯುವ ಮೊದಲು ಅಲ್ಲಿ ಗಂಟೆ ಬಾರಿಸುತ್ತಿದ್ದರಂತೆ. ಕೂಡಲೇ ಕಮ್ಮಾರ ಸುತ್ತಿಗೆ ಕೆಳಗಿಡಬೇಕು, ಕುಂಬಾರ ತಿಗರಿ ನಿಲ್ಲಿಸಬೇಕು, ರಾಜನೇ ಕರೆದರೂ ಮನೆಗೇ ಹೋಗಬೇಕು. ಆ ರಾಜ್ಯವನ್ನು ನಾನು ಕಣ್ಣಾರೆ ಕಂಡೆ. ನಾಲ್ಕು ಗಂಟೆಯಾದರೆ ಸಾಕು, ಸೈಕಲ್ಲಿನ ಮುಂದಿನ ಮರದ ಪೆಟ್ಟಿಗೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಪ್ಪಂದಿರು ಮನೆಗೆ ಹೊರಡುತ್ತಿದ್ದರು. ಬೇಕರಿಯ ಯಜಮಾನಿ ಸೋಮವಾರ ಬಾಗಿಲು ಹಾಕಿ ಸಮುದ್ರಕ್ಕೆ ಈಜಲು ಹೋಗುವಳು. ಅವಳ ಬ್ರೆಡ್ಡನ್ನು ಉಬ್ಬಿಸುವ ಹುಳಿಹಿಟ್ಟು ಸ್ವಲ್ಪ ಸ್ವಲ್ಪ ಉಳಿಸಿಕೊಂಡು ಬಂದ, ಅವಳ ಅಜ್ಜಿಯ ಕಾಲದ್ದು. ಅದಕ್ಕೂ ಸೋಮವಾರ ರಜೆ. ಫ್ರಿಜ್ಜಿನಲ್ಲಿ ತಣ್ಣಗೆ ಮಲಗಿರುತ್ತಿತ್ತು.

ಹಾಗೆಂದು ಅಲ್ಲಿ ಎಲ್ಲವೂ ಬಂಗಾರವಲ್ಲ. ಒಮ್ಮೆ ಕಾಫಿ ಅಂಗಡಿಯಲ್ಲಿ ಒಬ್ಬಂಟಿ ಮುದುಕರೊಬ್ಬರ ಎದುರಿನ ಖಾಲಿ ಕುರ್ಚಿಯಲ್ಲಿ ಅಹಮದಾಬಾದಿನಲ್ಲಿ ಅಪ್ಪ ನಡೆಸುವ ಉಡುಪಿ ಹೋಟೆಲಿನ ಅಭ್ಯಾಸದಂತೆ ಕೂತುಬಿಟ್ಟೆ. ನಾನು ಅವರ ಪರ್ಸು ಎಗರಿಸಲು ಬಂದವಳೇನೋ ಎಂಬಂತೆ ನೋಡಿದರು. ನಮ್ಮಲ್ಲಾದರೆ ಗುರುತಿಲ್ಲದ ನಾಲ್ವರನ್ನು ಒಂದೇ ಮೇಜಿಗೆ ಕೂರಿಸಿದರೂ ಸಾಂಬಾರು ಮುಗಿಯುವುದರೊಳಗೆ ಯಾರದೋ ಮಗಳಿಗೆ ಗಂಡು ಗೊತ್ತಾಗಿರುತ್ತದೆ. ಆದರೂ ಆ ನಾಲ್ಕು ಗಂಟೆಯ ಸೈಕಲ್ಲುಗಳು ನನ್ನ ಕಣ್ಣಿನಿಂದ ಹೋಗಲಿಲ್ಲ.

ನಾನು ವಾಪಸು ಬಂದ ವಾರವೇ ರಾಘಣ್ಣ ಕೆಲಸ ಬಿಡುವ ಮಾತೆತ್ತಿದರು. ಹದಿನೆಂಟು ವರ್ಷದಿಂದ ನಮ್ಮ ಹೋಟೆಲಿನ ಕಾವಲಿಯಲ್ಲಿ ದೋಸೆ ಹುಯ್ಯುತ್ತಿದ್ದ ಕೈ ಅವರದು.

"ಸೂರತ್ತಿನಲ್ಲಿ ಒಂದು ಹೋಟೆಲಿನವರು ಕರೀತಿದ್ದಾರೆ ಭಟ್ರೇ. ವಾರಕ್ಕೊಂದು ರಜೆ ಉಂಟಂತೆ."

"ಇಲ್ಲಿ ನಿನಗೆ ಎಂತ ಕಡಿಮೆ ಆಯ್ತು?"

"ಕಡಿಮೆ ಎಂತದೂ ಇಲ್ಲ. ಚಾಂದ್‌ಖೇಡಾದ ಮನೆಯಿಂದ ನಾನು ಹೊರಡುವಾಗ ಮಗಳು ಪ್ರಾರ್ಥನಾ ಎದ್ದಿರುವುದಿಲ್ಲ, ಮನೆಗೆ ಮುಟ್ಟುವಾಗ ಮಲಗಿರ್ತಾಳೆ. ಮೊನ್ನೆ ಶಾಲೆಯಲ್ಲಿ ಅಪ್ಪನ ಚಿತ್ರ ಬರೀಲಿಕ್ಕೆ ಹೇಳಿದ್ರಂತೆ. ಹೊದಿಕೆ ಬರೆದಿದ್ದಾಳೆ. ಒಳಗೆ ನಾನು ಇದ್ದೇನಂತೆ."

ನಾನು ನಡುವೆ ಬಾಯಿ ಹಾಕಿದೆ. "ಅಪ್ಪ, ನಾವೂ ಮಂಗಳವಾರ ಬಾಗಿಲು ಹಾಕುವ. ಎಲ್ಲರಿಗೂ ರಜೆ."

"ಮತ್ತೆ ಹಿಟ್ಟು?"

ಅಪ್ಪನ ಭಯ ಅದೇ. ಅಜ್ಜಿ ಐವತ್ತು ವರ್ಷದ ಹಿಂದೆ ಉಡುಪಿಯ ಮನೆಯಿಂದ ಹಿತ್ತಾಳೆ ಪಾತ್ರೆಯಲ್ಲಿ ದೋಸೆಹಿಟ್ಟು ತಂದಿದ್ದರಂತೆ. ಅಂದಿನಿಂದ ದಿನವೂ ಹಳೆ ಹಿಟ್ಟಿನ ಒಂದು ಸೌಟು ಉಳಿಸಿ ಹೊಸ ಹಿಟ್ಟಿಗೆ ಬೆರೆಸುವುದು ನಮ್ಮ ಕ್ರಮ. ಕಥೆಯ ರಾಕ್ಷಸನ ಪ್ರಾಣ ಗಿಳಿಯಲ್ಲಿದ್ದ ಹಾಗೆ ನಮ್ಮ ಹೋಟೆಲಿನ ಪ್ರಾಣ ಆ ಸೌಟಿನಲ್ಲಿದೆ ಎಂದು ಅಪ್ಪ ನಂಬಿದ್ದರು. ಒಂದು ದಿನ ತಪ್ಪಿದರೆ ಮುಗಿಯಿತು.

"ಡೆನ್ಮಾರ್ಕಿನ ಹಿಟ್ಟು ರಜೆ ತೆಗೆದುಕೊಂಡೂ ನೂರು ವರ್ಷ ಬದುಕಿದೆ. ಒಂದೇ ಮಂಗಳವಾರ ನೋಡುವ. ಹಿಟ್ಟಿನ ಜವಾಬ್ದಾರಿ ನನ್ನದು" ಎಂದೆ.

ಅಪ್ಪ ರಾಘಣ್ಣನ ಮುಖ ನೋಡಿದರು. "ಒಂದೇ ವಾರ. ಹಿಟ್ಟು ಕೆಟ್ಟರೆ ರಜೆಯ ಸುದ್ದಿ ಎತ್ತಬಾರದು."

ಮಂಗಳವಾರ ಸಂಜೆ ನಾನೊಬ್ಬಳೇ ಹೋಟೆಲಿನ ಬಾಗಿಲು ತೆರೆದು ಅಕ್ಕಿ, ಉದ್ದು ರುಬ್ಬಿದೆ. ಫ್ರಿಜ್ಜಿನಲ್ಲಿಟ್ಟಿದ್ದ ಒಂದು ಸೌಟು ಹಳೆ ಹಿಟ್ಟನ್ನು ಬೆರೆಸಿ, ಮುಚ್ಚಿಟ್ಟು, ಹೆಮ್ಮೆಯಿಂದ ಮನೆಗೆ ಬಂದೆ.

ಬುಧವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಉಬ್ಬದೆ ಇಟ್ಟಷ್ಟೇ ಇತ್ತು. ಒಂದು ಗುಳ್ಳೆ ಇಲ್ಲ. ರಾಘಣ್ಣ ಹುಯ್ದ ಮೊದಲ ದೋಸೆ ಒದ್ದೆ ಕಾಗದದ ಹಾಗೆ ಕಾವಲಿಗೆ ಅಂಟಿಕೊಂಡಿತು.

ನನಗೆ ಆಗ ಹೊಳೆಯಿತು. ಡೆನ್ಮಾರ್ಕಿನಲ್ಲಿ ಹೊರಗೆ ಹಿಮ ಬಿದ್ದರೂ ಮನೆ, ಅಂಗಡಿ, ಬಸ್ಸು ಎಲ್ಲವೂ ಒಳಗೆ ಬೆಚ್ಚಗೆ. ಅಹಮದಾಬಾದಿನ ಜನವರಿಯಲ್ಲಿ ಹೊರಗೆಷ್ಟು ಚಳಿಯೋ ಒಳಗೂ ಅಷ್ಟೇ ಚಳಿ. ದಿನವೂ ನಮ್ಮ ಹಿಟ್ಟನ್ನು ಉಬ್ಬಿಸುತ್ತಿದ್ದದ್ದು ಉರಿಯುವ ಒಲೆಗಳ ಕಾವು. ನಾನು ಒಲೆಗಳಿಗೂ ರಜೆ ಕೊಟ್ಟಿದ್ದೆ.

ಅಪ್ಪ ನನ್ನನ್ನು ಬೈಯಲಿಲ್ಲ. ಫೋನು ಮಾಡಿ ಅಜ್ಜಿಯನ್ನು ಕರೆಸಿದರು. ಎಂಬತ್ತೆರಡರ ಅಜ್ಜಿ ಆಟೋದಿಂದಿಳಿದು, ಡ್ರೈವರನಿಗೆ ಗುಜರಾತಿಯಲ್ಲಿ ಆಶೀರ್ವಾದ ಮಾಡಿ, ಒಳಗೆ ಬಂದು ಹಿಟ್ಟಿಗೆ ಬೆರಳದ್ದಿ ನೆಕ್ಕಿದರು.

"ಚಳಿ ಹಿಡಿದಿದೆ ಅಷ್ಟೆ. ಬಿಸಿಲಿಗಿಡಿ, ಮಧ್ಯಾಹ್ನಕ್ಕೆ ಏಳ್ತದೆ. ಈಗ ರವಾ ದೋಸೆ ಹಾಕು ರಾಘು."

"ಅಮ್ಮ, ನೀನು ಊರಿಂದ ತಂದ ಹಿಟ್ಟು..." ಅಪ್ಪ ಸೌಟು ಹಿಡಿದುಕೊಂಡು ಪಾತ್ರೆಯ ಪಕ್ಕ ಕೂತರು.

"ಯಾವ ಊರಿಂದ? ಅದು ಸೂರತ್ ಸ್ಟೇಷನ್ನಿನಲ್ಲೇ ಉಕ್ಕಿ ಪಕ್ಕದವನ ಪೆಟ್ಟಿಗೆ ಮೇಲೆ ಹರೀತು. ನಿನ್ನ ಅಪ್ಪ ಸಿಟ್ಟಿನಲ್ಲಿ ಪಾತ್ರೆ ಸಮೇತ ಹೊರಗೆ ಎಸೆದ್ರು. ನೀನು ಮಲಗಿದ್ದೆ. ಇಲ್ಲಿಗೆ ಬಂದ ಮೇಲೆ ಹೊಸದಾಗಿ ರುಬ್ಬಿದ್ದು."

"ಮತ್ತೆ ಇಷ್ಟು ವರ್ಷ ಹೇಳಿದ್ದು?"

"ಊರಿನ ದೋಸೆಯೇ ಬೇಕು ಅಂತ ಹಟ ಮಾಡಿ ಉಪವಾಸ ಕೂತಿದ್ದೆಯಲ್ಲ ಪದ್ದು. ಕಥೆ ಹೇಳಿದೆ. ನಾಲ್ಕು ದೋಸೆ ತಿಂದೆ."

ಮೊದಲು ನಕ್ಕದ್ದು ರಾಘಣ್ಣ. ಅಪ್ಪ ನಗಬೇಕೋ ಬೇಡವೋ ತಿಳಿಯದೆ ಸೌಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು, "ನಿನ್ನೆ ಎಂತ ಮಾಡಿದೆ ರಾಘು?"

ರಾಘಣ್ಣ ರವೆ ಕಲಸುತ್ತಲೇ ಹೇಳಿದರು: "ಮಗಳನ್ನು ಶಾಲೆಯಿಂದ ಕರ್ಕೊಂಡು ಬಂದೆ. ದಾರಿಯಿಡೀ ಗುಜರಾತಿಯಲ್ಲಿ ಎಂತೆಂತದೋ ಹೇಳಿದ್ಳು. ಅವಳು ನಕ್ಕರೆ ಬಲಗೆನ್ನೆಯಲ್ಲಿ ಗುಳಿ ಬೀಳ್ತದೆ ಭಟ್ರೇ. ಅವಳಿಗೆ ಆರು ವರ್ಷ ಆಯ್ತು, ನನಗೆ ಗೊತ್ತೇ ಇರಲಿಲ್ಲ."

ಅಪ್ಪ ಎದ್ದು ಹೊರಗೆ ಹೋದರು. ನಾನು ಇಣುಕಿ ನೋಡಿದೆ. ಬಾಗಿಲ ಪಕ್ಕದ ಕಪ್ಪುಹಲಗೆಯಲ್ಲಿ ತಿಂಡಿಗಳ ಪಟ್ಟಿಯ ಕೆಳಗೆ ಗುಜರಾತಿಯಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತಿದ್ದರು: ಮಂಗಳವಾರ ರಜೆ.

ಮುಂದಿನ ಮಂಗಳವಾರ ಹಿಟ್ಟು ರುಬ್ಬಿದ ಮೇಲೆ ಪಾತ್ರೆಗೆ ನನ್ನ ಕೋಟು ತೊಡಿಸಿದೆ. ಎರಡೂ ತೋಳುಗಳನ್ನು ಮುಂದಕ್ಕೆ ಕಟ್ಟಿ, ಕುತ್ತಿಗೆಯವರೆಗೆ ಗುಂಡಿ ಹಾಕಿದೆ. ಬುಧವಾರ ಬೆಳಿಗ್ಗೆ ಅಪ್ಪನೇ ಮೊದಲು ಅಡುಗೆಮನೆಗೆ ಹೋದರು. ಹಿಟ್ಟು ಮುಚ್ಚಳವನ್ನು ಎತ್ತಿ, ಮೇಲಿನ ಗುಂಡಿಯನ್ನು ಬಿಚ್ಚಿಕೊಂಡು, ಕಾಲರಿನವರೆಗೆ ಬಂದು ಕೂತಿತ್ತು.

"ನೋಡು, ರಜೆ ಇದಕ್ಕೂ ಹಿಡಿಸಿದೆ" ಎಂದರು ಅಪ್ಪ.

ರಾಘಣ್ಣ ಕಾವಲಿಗೆ ನೀರು ಚಿಮುಕಿಸಿದರು. ಸೂರತ್ತಿನ ಮಾತು ಮತ್ತೆ ಬರಲಿಲ್ಲ.