ತಗಡಿನ ಮುಚ್ಚಳ

ಪ್ರತಿಭಾ ಮೂರನೆಯ ಸಲ ಅದೇ ಫೋನ್ ಹಿಡಿದು ಬಂದಾಗ, ಶಿವಾಜಿನಗರದ ಫೋನ್ ರಿಪೇರಿಯ ಬಷೀರನಿಗೆ ಕೂತಲ್ಲಿ ಕೂರಲಾಗಲಿಲ್ಲ.

“ವೈಫೈ ಹಾಕಿದ್ರೆ ಸಾಕು, ಕಾಲ್ ಕಟ್ಟಾಗತ್ತೆ ಬಷೀರ್ ಭಾಯ್. ತಂಗಿ ಹೆರಿಗೆಗೆ ಸೇರಿದ್ದಾಳೆ ಕಣ್ರೀ!”

ಅವನು ಬಿಚ್ಚಿ ನೋಡಿದ. ವೈಫೈಯ ಗದ್ದಲ ಕರೆಯ ತರಂಗಕ್ಕೆ ತಾಗದಂತೆ ತಡೆಯಲು ಒಳಗಿನ ಚಿಪ್ ಮೇಲೆ ಕೂರಿಸಿರುವ ತಗಡಿನ ಮುಚ್ಚಳವೇ ಇರಲಿಲ್ಲ. ಮತ್ತೆ ಬಿಚ್ಚಲು ಸಲೀಸಾಗಲೆಂದು ಮೊದಲ ರಿಪೇರಿಯಲ್ಲಿ ಅವನೇ ಅದನ್ನು ಎಸೆದಿದ್ದ. ಆ ಬೀದಿಯ ರಿಪೇರಿಯವರೆಲ್ಲರ ರೂಢಿ ಅದು.

ಅದೇ ಮಾದರಿಯ ಕೆಟ್ಟುಹೋದ ಫೋನೊಂದರ ಮುಚ್ಚಳ ಕಿತ್ತು ಇದಕ್ಕೆ ಬೆಸೆದ. ವೈಫೈ ಹಾಕಿದರೂ ಕರೆ ಕಡಿಯಲಿಲ್ಲ.

“ಗಲ್ತಿ ನಂದೇ ಮೇಡಂ, ಒಳಗಿನ ಮುಚ್ಚಳ ಎಸೆದಿದ್ದು ನಾನೇ,” ಎಂದ.

“ಮೂರು ಸಲ ಅಲೆಸಿ ಈಗ ಹೇಳ್ತೀರಲ್ಲ!” ಎಂದು ಗದರಿ, ಅವಳು ಆಸ್ಪತ್ರೆಗೆ ಕರೆ ಮಾಡುತ್ತಲೇ ಹೊರಟಳು.

ಬಷೀರ್ ಮಾತ್ರ, ತಾನು ಮುಚ್ಚಳ ಎಸೆದ ಫೋನಿನವರನ್ನು ನೆನಪಿಸಿಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದ.