ಒಂಟಿಗಾಲಿಯ ಬಲ ಪೆಡಲು

ನನಗೆ ಬ್ಯಾಲೆನ್ಸ್ ಇಲ್ಲ ಅನ್ನುವುದು ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳ ಹಿಂದೆಯೇ ತೀರ್ಮಾನವಾದ ವಿಷಯ. ಬಲ್ಬು ಬದಲಿಸಲು ನಾನು ಸ್ಟೂಲ್ ಹತ್ತುವಂತಿಲ್ಲ. ನಮ್ಮ ಮಹಡಿ ಮನೆಯ ಮೆಟ್ಟಿಲಿಳಿಯಲು ಹೊರಟರೆ ನನ್ನವರು ಎಲ್ಲಿದ್ದರೂ ಓಡಿ ಬಂದು ಮೊಣಕೈ ಹಿಡಿಯುತ್ತಾರೆ. "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣೇ" ಎಂದು ಅಕ್ಕ ಹೊಟ್ಟೆ ಉರಿದುಕೊಳ್ಳುತ್ತಾಳೆ. ಹೌದೆಂದೇ ನಂಬಿದ್ದೆ, ದಡ್ಡಿ.

ಅದಕ್ಕೂ ಮೊದಲು ನಾನು ಸರ್ಕಸ್ಸಿನಲ್ಲಿ ನನ್ನದೇ ಒಂಟಿಗಾಲಿ ಸೈಕಲ್ ಓಡಿಸುತ್ತಿದ್ದೆ. ತಲೆಯ ಮೇಲೆ ಐದು ಲೋಟ, ಎರಡೂ ಕೈಯಲ್ಲಿ ಕೊಡೆ. ಇವರು ಅಲ್ಲಿಯ ಮೆಕ್ಯಾನಿಕ್. ನಮ್ಮ ಮದುವೆ ಗೊತ್ತಾಗಿದ್ದ ತಿಂಗಳಲ್ಲೇ, ಒಂದು ಮಧ್ಯಾಹ್ನದ ಆಟದಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡೆ.

"ಬಲಗಡೆ ಪೆಡಲ್ ಅಲುಗಾಡಿತಲ್ಲ?" ಎಂದು ಆಸ್ಪತ್ರೆಯಲ್ಲಿ ಕೇಳಿದೆ.

"ಪೆಡಲ್ ಗಟ್ಟಿಯಾಗೇ ಇದೆ. ನಿನಗೇ ಬ್ಯಾಲೆನ್ಸ್ ತಪ್ತು," ಎಂದರು ಇವರು.

ಇವರನ್ನು ನಂಬದೆ ಇನ್ಯಾರನ್ನು ನಂಬಲಿ? ಮೂಳೆ ಆರು ತಿಂಗಳಲ್ಲಿ ಕೂಡಿಕೊಂಡಿತು. ನಾನು ಮಾತ್ರ ಮತ್ತೆ ಗಾಲಿ ಹತ್ತದೆ ಹೊಲಿಗೆ ಯಂತ್ರದ ಮುಂದೆ ಕುಳಿತುಬಿಟ್ಟೆ.

ಕಳೆದ ವಾರ ಮನೆಗೆ ಬಣ್ಣ ಹೊಡೆಯಲು ಬಂದವನು ಅಟ್ಟದಿಂದ ಗೋಣಿಯ ಗಂಟೊಂದನ್ನು ಇಳಿಸಿ ಬಿಚ್ಚಿದ. "ಅಮ್ಮಾ, ಇದರ ಇನ್ನೊಂದು ಗಾಲಿ ಮೇಲೆಲ್ಲೂ ಕಾಣಿಸ್ಲಿಲ್ಲ," ಎಂದು ತಲೆ ಕೆರೆದುಕೊಂಡ. ಅವನು ಊಟಕ್ಕೆ ಹೋಗುವವರೆಗೂ ನಗು ತಡೆದುಕೊಂಡೆ.

ಹಜಾರದ ಸಾಮಾನೆಲ್ಲ ಆಚೆ ಹಾಕಿ ನೆಲ ಖಾಲಿಯಾಗಿತ್ತು. ಇವರು ಕೆಲಸಕ್ಕೆ ಹೋಗಿದ್ದರು. ಟೈರಿಗೆ ಗಾಳಿ ಹೊಡೆದೆ, ಪರವಾಗಿಲ್ಲ, ನಿಂತಿತು. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತೆ. ಮೊದಲ ಸಲ ಅರ್ಧ ಸುತ್ತಿಗೇ ಇಳಿದೆ. ಆರನೆಯ ಸಲ ಗೋಡೆ ಬಿಟ್ಟೆ. ಭಾರವನ್ನೆಲ್ಲ ಸೀಟಿಗೆ ಬಿಡಬೇಕು, ಕೆಳಗೆ ನೋಡಬಾರದು. ತಲೆ ಮರೆತದ್ದೆಲ್ಲ ಸೊಂಟಕ್ಕೆ ನೆನಪಿತ್ತು. ಹಜಾರಕ್ಕೆ ಒಂದು ಸುತ್ತು, ಎರಡು, ಹತ್ತು. ಐವತ್ತರ ಹತ್ತಿರದ ಹೆಂಗಸು ನಾನು, ಒಬ್ಬಳೇ "ಹೋ" ಎಂದು ಕೂಗಿದೆ.

ಅಷ್ಟರಲ್ಲಿ ಬಲಗಾಲ ಕೆಳಗೆ ಪೆಡಲು ಅಲುಗಾಡಿತು. ಜಿಗಿದು ಇಳಿದು ನೋಡಿದರೆ ಅರ್ಧ ಕಳಚಿಕೊಂಡಿದೆ. ಅದನ್ನು ಹಿಡಿದಿರುವ ಕಬ್ಬಿಣದ ಪಟ್ಟಿಯ ಧೂಳೊರೆಸಿದೆ. ಎಡಗಡೆಯದೆಂದು ತಿಳಿಸುವ 'ಎಲ್' ಗುರುತು ಅಲ್ಲಿತ್ತು, ಬಲಗಡೆ.

ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ತುಳಿದಷ್ಟೂ ಬಿಗಿಯಾಗಲೆಂದು. ಒಂಟಿಗಾಲಿಯಲ್ಲಿ ಪೆಡಲುಗಳು ಗಾಲಿಗೇ ಸೇರಿಕೊಂಡಿರುವುದರಿಂದ, ಗಾಲಿಯನ್ನು ಹಿಂದುಮುಂದಾಗಿ ಜೋಡಿಸಿದರೆ ಎಡದ್ದು ಬಲಕ್ಕೆ ಬಂದು ತುಳಿದಷ್ಟೂ ಸಡಿಲವಾಗುತ್ತದೆ. ಈ ಕಸುಬಿನವರೆಲ್ಲ ಮೊದಲ ದಿನವೇ ಕಲಿಯುವ ಪಾಠವಿದು. ನಾನು ಬಿದ್ದ ದಿನ ಬೆಳಿಗ್ಗೆ ಟ್ಯೂಬು ಬದಲಿಸಿ ಗಾಲಿ ಜೋಡಿಸಿದವರು ಇವರೇ.

ಸಂಜೆ ಬಂದವರು ಹಜಾರದ ನಡುವೆ ಸೈಕಲ್ಲನ್ನೂ ಜೋಲುವ ಪೆಡಲನ್ನೂ ನೋಡಿದರು. ಏನಾಯಿತೆಂದು ಕೇಳಲಿಲ್ಲ.

"ಯಾವಾಗ ಗೊತ್ತಾಯ್ತು ನಿಮಗೆ?" ಎಂದೆ.

"ಅವತ್ತೇ. ಪೆಡಲ್ ಕಳಚಿ ಗ್ಯಾಲರಿ ಕೆಳಗೆ ಬಿದ್ದಿತ್ತು. ಗಾಲಿ ಹಾಗೇ ಬಿಟ್ಟು, ಪೆಡಲ್ ಮಾತ್ರ ಮತ್ತೆ ಸಿಕ್ಕಿಸಿ ಗಂಟು ಕಟ್ಟಿಟ್ಟೆ. ಆಮೇಲೆ ಮುಟ್ಟೋಕೇ ಧೈರ್ಯ ಬರ್ಲಿಲ್ಲ. ಅವಸರದಲ್ಲಿ ಆಗಿದ್ದು ಕಣೇ, ಬೇಕಂತ ಮಾಡಿದ್ದಲ್ಲ."

"ಅದಲ್ಲ ನಾನು ಕೇಳ್ತಿರೋದು. ಯಾಕೆ ಹೇಳ್ಲಿಲ್ಲ?"

"ಮದುವೆ ಬೇಡ ಅಂತೀಯೇನೋ ಅಂತ ಭಯ. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ. ಆದ್ರೆ ಒಂದು ದಿನಾನಾದ್ರೂ ನಿನ್ನ ಬೀಳೋಕೆ ಬಿಟ್ಟಿದೀನಾ?"

ಮೈಯೆಲ್ಲ ಉರಿದುಹೋಯಿತು. ಅವಸರವನ್ನು ಕ್ಷಮಿಸಬಲ್ಲೆ, ನಾನೂ ಎಷ್ಟೋ ಅಂಗಿಗೆ ತೋಳು ಅದಲುಬದಲು ಹೊಲಿದು ಬಿಚ್ಚಿದ್ದೇನೆ. ಆದರೆ ಮಗಳು ಹುಟ್ಟಿ ಆಸ್ಪತ್ರೆಯಿಂದ ಹೊರಟಾಗ, ಮೆಟ್ಟಿಲ ಬಳಿ "ನಿನ್ನ ಕೈಲಿ ಬೇಡ" ಎಂದು ಕೂಸನ್ನು ತೆಗೆದುಕೊಂಡವರು ಇವರು. ಅವಳನ್ನು ಎತ್ತಿಕೊಂಡು ನಾನು ಒಂದೇ ಒಂದು ದಿನವೂ ಮೆಟ್ಟಿಲಿಳಿಯಲಿಲ್ಲ. ನನ್ನ ಮೇಲೆ ನನಗೇ ಅಷ್ಟು ಭಯ. ಆ ಭಯ ಸುಳ್ಳೆಂದು ಗೊತ್ತಿದ್ದವರು ಪಕ್ಕದಲ್ಲೇ ನಡೆಯುತ್ತಿದ್ದರು, ಮೊಣಕೈ ಹಿಡಿದುಕೊಂಡು.

"ಮಗೂನ ನನ್ನ ಕೈಯಿಂದ ಕಿತ್ಕೊಳ್ಳೋವಾಗಲಾದ್ರೂ ಹೇಳ್ಬೋದಿತ್ತು," ಎಂದೆ.

ಸ್ಪ್ಯಾನರ್ ತೆಗೆದುಕೊಂಡು ಗಾಲಿ ಬಿಚ್ಚಿದೆ. "ಕೊಡು, ನಾನು ಹಾಕ್ತೀನಿ," ಎಂದು ಕೈ ಚಾಚಿದರು. ಕೊಡಲಿಲ್ಲ. ಗಾಲಿ ತಿರುಗಿಸಿ ಜೋಡಿಸಿ, ಪೆಡಲು ಬಿಗಿದು, ಸೈಕಲ್ಲನ್ನು ಎದೆಗವಚಿಕೊಂಡು ಮೆಟ್ಟಿಲ ಕಡೆ ನಡೆದೆ. ಅಭ್ಯಾಸಬಲದಿಂದ ಓಡಿ ಬಂದು ಮೊಣಕೈ ಹಿಡಿದರು.

"ಕೈ ಬಿಡಿ."

ಬಿಟ್ಟರು. ಹದಿನೆಂಟು ಮೆಟ್ಟಿಲು. ಎಲ್ಲೂ ಗೋಡೆ ಮುಟ್ಟದೆ ಇಳಿದೆ. ಇಷ್ಟು ಸಲೀಸೇ ಎನ್ನಿಸಿದ್ದೇ ತಡ, ಕೊನೆಯ ಮೆಟ್ಟಿಲ ಮೇಲೆ ಕುಳಿತು ಗಟ್ಟಿಯಾಗಿ ಅತ್ತುಬಿಟ್ಟೆ. ಮಗಳಿಗೆ ಈಗ ಇಪ್ಪತ್ತು. ಇನ್ನು ಅವಳನ್ನು ಎತ್ತಿಕೊಳ್ಳಲಾಗುವುದಿಲ್ಲ.