ಹೆಣ್ಣು ಕೇಳಿದ ಹಾಗೆ ಶಾಖೆ ಕೇಳಿದ್ದು

ಐನ್ ಸಿದ್ರ್ ಊರಿನಲ್ಲಿ ‘ಆಗೋದಿಲ್ಲ’ ಎಂಬ ಮಾತು ಹುಟ್ಟಿಯೇ ಇಲ್ಲ. ಏನು ಕೇಳಿದರೂ ‘ಅಬ್ಶಿರಿ’ ಅನ್ನುತ್ತಾರೆ, ಆಯಿತೆಂದೇ ತಿಳಿದು ಖುಷಿಯಾಗಿರು ಅಂತ. ಆಮೇಲೆ ಏನೂ ಆಗುವುದಿಲ್ಲ. ನಾನು ಇಲ್ಲೇ ಹುಟ್ಟಿ ಬೆಳೆದವಳು, ಇಷ್ಟು ಗೊತ್ತಿರಬೇಕಿತ್ತು. ಆದರೆ ರಾಜಧಾನಿ ಅಮ್ಮಾನಿಗೆ ಹೋಗಿ ಪ್ರೋಗ್ರಾಂ ಮ್ಯಾನೇಜ್‌ಮೆಂಟ್ ಕಲಿತು, ಚೌಕಟ್ಟು ಹಾಕಿದ ಸರ್ಟಿಫಿಕೇಟು ತಂದವಳಿಗೆ ಊರಿನ ಬುದ್ಧಿ ಸ್ವಲ್ಪ ಮರೆತೇ ಹೋಗುತ್ತದೆ.

ನಮ್ಮಲ್ಲಿ ವಾರಕ್ಕೊಮ್ಮೆ ನೀರು. ಪ್ರತಿ ಓಣಿಗೂ ಅದರದ್ದೇ ಸರದಿ. ಸರದಿ ಬಂದ ದಿನ ಹೆಂಗಸರು ಬಟ್ಟೆ ಒಗೆಯುತ್ತಾರೆ, ಗಂಡಸರು ಚಾವಣಿ ಹತ್ತಿ ತೊಟ್ಟಿ ತುಂಬಿತೇ ಎಂದು ಇಣುಕುತ್ತಾರೆ. ರವಾಫಿದ್ ನೀರು ಕಂಪನಿಗೆ ಬೆಟ್ಟದ ಮೇಲೆ ನಾಲ್ಕು ಶಾಖೆಗಳಿದ್ದವು. ಅವನ್ನೆಲ್ಲ ಮುಚ್ಚಿ, ಕೆಳಗೆ ಹೆದ್ದಾರಿಯ ಪಕ್ಕದಲ್ಲಿ ಒಂದೇ ನಿಯಂತ್ರಣ ಕೇಂದ್ರ ಮಾಡಿ, ನೀರುಗಂಟಿ ಕೈಯಲ್ಲಿ ತಿರುಗಿಸುತ್ತಿದ್ದ ವಾಲ್ವನ್ನು ಅಲ್ಲಿಂದಲೇ ಸ್ವಿಚ್ಚು ಒತ್ತಿ ತೆರೆಯುವ ಹಾಗೆ ಮಾಡಬೇಕು. ಆ ಬದಲಾವಣೆ ಕಾರ್ಯಕ್ರಮ ನನ್ನ ಹೆಗಲಿಗೆ ಬಂತು. ಮೂರು ಶಾಖೆಗಳು ಇಳಿದು ಬಂದವು. ನನ್ನ ಸ್ವಂತ ಊರಿನ ಶಾಖೆ ಮಾತ್ರ ಅಲುಗಲಿಲ್ಲ.

ಶಾಖೆಯ ಮುಖ್ಯಸ್ಥ ಎಂಜಿನಿಯರ್ ಅಬು ನೌಫಲ್. ಮೀಸೆಗೆ ಬಣ್ಣ ಹಚ್ಚುವ, ಮಾತಿಗೊಮ್ಮೆ ತನ್ನ ಡಿಗ್ರಿಯ ಸುದ್ದಿ ತೆಗೆಯುವ ಮನುಷ್ಯ. ನಾನು ಹೋದಾಗಲೆಲ್ಲ ಎದ್ದು ನಿಂತು ಕುರ್ಚಿ ಕೊಡುತ್ತಿದ್ದ.

“ಎಂಜಿನಿಯರ್ ಸಾಹೇಬ್ರೇ, ನಿಮ್ಮ ವಾಲ್ವ್‌ಗಳನ್ನ ಕೇಂದ್ರಕ್ಕೆ ಜೋಡಿಸೋದು ಯಾವಾಗ?”

“ಅಬ್ಶಿರಿ, ರುದೈನಾ. ನನ್ನ ಎರಡು ಕಣ್ಣೂ ನಿನ್ನವೇ.”

“ಕಣ್ಣು ನೀವೇ ಇಟ್ಕೊಳಿ. ತಾರೀಕು ಹೇಳಿ.”

“ತಾರೀಕು ದೇವರ ಕೈಲಿದೆ ಮಗಳೇ. ನನ್ನ ಕೈಲಿರೋದು ಚಹಾ. ಕುಡಿ, ಆರೋಗುತ್ತೆ.”

ಕೇಂದ್ರದ ಗೋಡೆಯ ಮೇಲೆ ನಾನೊಂದು ಹಲಗೆ ತೂಗುಹಾಕಿದ್ದೆ. ಕೆಲಸ ಸರಿಯಾಗಿ ನಡೆದರೆ ಹಸಿರು, ತಡವಾದರೆ ಹಳದಿ, ನಿಂತರೆ ಕೆಂಪು. ಹೌದು ಅಂದವರಿಗೆ ಕೆಂಪು ಬಳಿಯುವುದು ಹೇಗೆ? ಐನ್ ಸಿದ್ರ್ ತಿಂಗಳುಗಟ್ಟಲೆ ಹಸಿರಾಗಿಯೇ ಇತ್ತು.

ಒಂದು ದಿನ ಮಹಾನಿರ್ದೇಶಕ ಡಾಕ್ಟರ್ ವಾಸೆಫ್ ಆ ಹಲಗೆಯ ಮುಂದೆ ನಿಂತರು.

“ಇದು ಹಸಿರು. ಕಚೇರಿ ಇನ್ನೂ ಬೆಟ್ಟದ ಮೇಲೇ ಇದೆ. ನನಗೆ ಕಣ್ಣು ಮಂಜಾ, ನಿನಗೆ ತಲೆ ಮಂಜಾ?”

“ಅವ್ರು ಒಪ್ಪಿದಾರೆ ಡಾಕ್ಟರ್, ಬರೀ ಮಾಡ್ತಿಲ್ಲ ಅಷ್ಟೆ.”

“ಒಪ್ಪಿದ್ದು ಮಾಡ್ದಿದ್ರೆ ಅದೆಂಥ ಪ್ರಾಜೆಕ್ಟಮ್ಮಾ?”

“ಇದು ಪ್ರಾಜೆಕ್ಟ್ ಅಲ್ಲ ಡಾಕ್ಟರ್, ಪ್ರೋಗ್ರಾಂ. ಪೈಪು ಹಾಕೋದು ಪ್ರಾಜೆಕ್ಟ್. ಪೈಪು ಹಾಕಿದ್ಮೇಲೆ ಜನ ಬದಲಾಗ್ಬೇಕಲ್ಲ, ಅದು ಪ್ರೋಗ್ರಾಂ.”

“ಜನ ಬದಲಾಗ್ಲಿಲ್ಲ ಅಂದ್ರೆ ನಾನು ನಿನ್ನನ್ನ ಬದಲಾಯಿಸ್ತೀನಿ, ಅದಕ್ಕೇನಂತಾರೆ ನಿನ್ನ ಪುಸ್ತಕದಲ್ಲಿ? ರಂಜಾನ್ ಒಳಗೆ ಶಾಖೆ ಕೆಳಗಿಳೀಬೇಕು. ಇಲ್ಲಾಂದ್ರೆ ಕಾರ್ಯಕ್ರಮ ಬಂದ್, ನೀನು ಮತ್ತೆ ದೂರಿನ ಕಿಟಕಿಗೆ.”

ದೂರಿನ ಕಿಟಕಿ ಎಂದರೆ ನನ್ನ ಯೌವನ. ಊರಿನವರೆಲ್ಲ ಖಾಲಿ ಕೊಡದ ಸಿಟ್ಟನ್ನು ನನ್ನ ಮುಖಕ್ಕೆ ಎರಚಿ ಹೋಗುತ್ತಿದ್ದ ಜಾಗ. ಅಲ್ಲಿಗೆ ವಾಪಸು ಹೋಗುವುದಕ್ಕಿಂತ ಬೆಟ್ಟದಿಂದ ಹಾರುವುದು ಮೇಲು ಎಂದುಕೊಂಡೆ.

ಮನೆಯಲ್ಲಿ ತಮ್ಮ ರಾಕಾನ್‌ನ ಮುಂದೆ ಗೋಳು ಹೇಳಿಕೊಂಡೆ. ಅವನು ಸೂರ್ಯಕಾಂತಿ ಬೀಜ ಒಡೆಯುತ್ತ ಕೇಳಿದ. “ಇಂಥದ್ದಕ್ಕೆ ನಿನ್ನ ಪುಸ್ತಕ ಏನನ್ನುತ್ತೆ?”

“ಒಪ್ಪಿಗೆ ಕೊಡಬೇಕಾದೋನು ಯಾರ ಮಾತು ಕೇಳ್ತಾನೋ ಅವರನ್ನ ಮುಂದಿಟ್ಕೊಂಡು ಹೋಗು ಅನ್ನುತ್ತೆ.”

“ಅಯ್ಯೋ ಬುದ್ಧಿವಂತೆ! ಅದಕ್ಕೆ ನಮ್ಮಲ್ಲಿ ಜಾಹಾ ಅಂತಾರೆ. ಇದನ್ನ ಕಲಿಯೋಕೆ ಅಮ್ಮಾನಿಗೆ ಹೋಗ್ಬೇಕಿತ್ತಾ?”

ಹೆಣ್ಣು ಕೇಳುವಾಗ, ಕೊಲೆ ಜಗಳ ಮುಗಿಸುವಾಗ ಹಿರಿಯರೆಲ್ಲ ಕೂಡಿ ಒಂದು ಮನೆಗೆ ಹೋಗುವುದೇ ಜಾಹಾ. ಕಾಫಿ ಬಂದರೆ ಮುಖಂಡ ಅದನ್ನು ಕುಡಿಯದೆ ಮುಂದಿಟ್ಟುಕೊಂಡು ಬಂದ ವಿಷಯ ಹೇಳುತ್ತಾನೆ. ‘ಕಾಫಿ ಕುಡೀರಿ, ನಿಮ್ಮ ಕೆಲಸ ಆಯ್ತು’ ಎಂದು ಮನೆಯವನು ಹೇಳಿದ ಮೇಲೆಯೇ ಬಟ್ಟಲು ತುಟಿಗೆ. ಕಾಫಿ ಕುಡಿಯದೆ ಹಿರಿಯರು ಎದ್ದು ಹೋದರೆ ಆ ಮನೆಯವನು ಮತ್ತೆ ಸಂತೆಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ. ಅದಕ್ಕೇ ಒಳಗೊಳಗೆ ಎಲ್ಲ ಮಾತಾಡಿ, ಒಪ್ಪಿಗೆ ಪಡೆದು, ಆಮೇಲೆ ಹೋಗುವುದು ಪದ್ಧತಿ. ನಾನು ಆ ಮೊದಲಿನ ಭಾಗವನ್ನು ಹಾರಿಸಿಬಿಟ್ಟೆ. ಮುಂಚೆ ಕೇಳಿದ್ದರೆ ಅಬು ನೌಫಲ್ ಮತ್ತೆ ಅಬ್ಶಿರಿ ಅನ್ನುತ್ತಿದ್ದ, ಅಷ್ಟೆ.

ಮುಖಂಡರಾಗಲು ಹಾಜಿ ದೈಫಲ್ಲಾ ಒಪ್ಪಿದರು. ಈ ಬೆಟ್ಟದ ಅರ್ಧ ಮದುವೆಗಳು ಅವರ ಬಾಯಿಂದಲೇ ಆದವು. ಕೇಂದ್ರ, ಸ್ವಿಚ್ಚು, ಕಾರ್ಯಕ್ರಮ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಅವರು ಕೇಳಿದ್ದು ಒಂದೇ. “ಅವನ ಹತ್ರ ಇರೋದನ್ನ ನಿಮಗೆ ಕೊಡಿಸ್ಬೇಕು, ಅಷ್ಟೇ ತಾನೆ?”

ಅಬು ನೌಫಲ್‌ನ ಮನೆಯಲ್ಲಿ ಗಂಡಸರು ಹಜಾರದಲ್ಲಿ ಕೂತರು. ನಾನು ಹೆಂಗಸರ ಕೋಣೆಯಲ್ಲಿ, ಅವನ ಹೆಂಡತಿ ಉಮ್ಮ್ ನೌಫಲ್ ಪಕ್ಕ. ನಡುವೆ ಅರ್ಧ ತೆರೆದ ಬಾಗಿಲು. ಹಾಜಿ ಗಂಟಲು ಸರಿಮಾಡಿಕೊಂಡು ದೇವರನ್ನು ಸ್ತುತಿಸಿ ಶುರುಮಾಡಿದರು.

“ನಿಮ್ಮ ಮನೆತನ ದೊಡ್ಡದು, ನಿಮ್ಮ ಹೆಸರು ಶುದ್ಧ. ನಿಮ್ಮ ಆಶ್ರಯದಲ್ಲಿ ಬೆಳೆದ, ಗೌರವದ, ಒಳ್ಳೇ ನಡತೆಯ ಶಾಖೇನ ನಮ್ಮ ಕೇಂದ್ರಕ್ಕೆ ಕೇಳೋಕೆ ಬಂದಿದೀವಿ.”

ಉಮ್ಮ್ ನೌಫಲ್ ನನ್ನ ತೋಳು ಚಿವುಟಿದರು. “ಯಾರನ್ನೇ ಕೇಳ್ತಿದಾರೆ? ನನಗೆ ಹೆಣ್ಮಕ್ಕಳೇ ಇಲ್ವಲ್ಲ!”

“ಹೆಣ್ಣಲ್ಲ ಖಾಲ್ತಿ, ನೀರಿನ ಕಚೇರಿ.”

“ಕಚೇರಿಗೆ ಗಂಡು ಯಾರು?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಕಡೆ ಹಜಾರದಲ್ಲಿ ಹಾಜಿಯ ಮುಂದೆ ಕಾಫಿ ತಣ್ಣಗಾಗುತ್ತಿತ್ತು. ಅಬು ನೌಫಲ್ ನೆಲ ನೋಡುತ್ತ ಕೂತಿದ್ದ. ಕೂತ ಹಿರಿಯರಲ್ಲಿ ಅವನ ಹೆಂಡತಿಯ ಚಿಕ್ಕಪ್ಪನಿದ್ದ, ಅವನಿಗೆ ಅಕ್ಷರ ಕಲಿಸಿದ ಮೇಷ್ಟರಿದ್ದರು. ಯಾರ ಕಾಫಿಯನ್ನು ತಾನೇ ಹಿಂದಕ್ಕೆ ಕಳಿಸಿಯಾನು?

“ಕುಡೀರಿ ಹಾಜಿ,” ಎಂದ ಕೊನೆಗೆ. “ಕೊಟ್ಟೆ.”

ಹೊರಡುವಾಗ ಬಾಗಿಲಲ್ಲಿ ನನ್ನನ್ನು ನೋಡಿದ. ಅಬ್ಶಿರಿ ಅನ್ನಲಿಲ್ಲ. ತಾರೀಕು ಹೇಳಿದ.

ಹೇಳಿದ ದಿನಕ್ಕೆ ಸರಿಯಾಗಿ ಶಾಖೆ ಮುಚ್ಚಿತು. ಡಾಕ್ಟರ್ ವಾಸೆಫ್ ಸಿಹಿ ತರಿಸಿ ಹಂಚಿದರು, ಇನ್ನೊಂದು ಜಿಲ್ಲೆಯ ಕೆಲಸವನ್ನೂ ನನಗೇ ಕೊಡುವ ಮಾತಾಡಿದರು. ಕಿಟಕಿಯ ಭಯ ಹೋಯಿತು. ಆದರೂ ಗೆದ್ದೆನೋ ಕದ್ದೆನೋ ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ನಿಯಮದ ಪ್ರಕಾರ ನಡೆದಿದ್ದೆ. ಯಾವ ನಿಯಮ, ಪುಸ್ತಕದ್ದೋ ಊರಿನದ್ದೋ, ಅದೇ ಗೋಜಲು.

ಅಷ್ಟರಲ್ಲಿ ಮೇಲಿನ ಓಣಿಯ ಮುದುಕಿ ಉಮ್ಮ್ ತಹಸೀನ್ ತೀರಿಹೋದರು. ಸಾವಿನ ಮನೆಗೆ ಜನ ಬರುತ್ತಲೇ ಇರುತ್ತಾರೆ. ಕಾಫಿ, ಅಡುಗೆ, ನಮಾಜಿಗೆ ಮುಂಚೆ ಕೈಕಾಲು ತೊಳೆಯುವುದು, ಎಲ್ಲಕ್ಕೂ ನೀರು ಬೇಕು. ತೊಟ್ಟಿ ಖಾಲಿಯಾಯಿತು. ಓಣಿಯ ಸರದಿ ಇನ್ನೂ ದೂರವಿತ್ತು. ಮುಂಚೆಯಾಗಿದ್ದರೆ ಯಾರೋ ಒಬ್ಬ ಶಾಖೆಗೆ ಹೋಗಿ ‘ಸಾವಾಗಿದೆ’ ಎಂದರೆ ಸಾಕು, ಅಬು ನೌಫಲ್ ನೀರುಗಂಟಿಯನ್ನು ಕಳಿಸುತ್ತಿದ್ದ. ಈಗ ಹೊಸ ನಂಬರಿಗೆ ಫೋನು ಮಾಡಿದರು. ಕೇಂದ್ರದ ಹುಡುಗಿ ಕಾರಣ ಕೇಳಿದಳು. ಅವಳ ಪರದೆಯಲ್ಲಿ ನಾನೇ ಕೊಟ್ಟ ಕಾರಣಗಳಿದ್ದವು. ಪೈಪು ಒಡೆದದ್ದು, ಸೋರಿಕೆ, ಕೊಳೆ ನೀರು. ಸಾವು ಇರಲಿಲ್ಲ. ಅವಳು ಸೋರಿಕೆ ಎಂದು ಹಾಕಿದಳು. ಸೋರಿಕೆ ಎಂದ ಕೂಡಲೇ ವ್ಯವಸ್ಥೆ ಆ ಓಣಿಯ ವಾಲ್ವನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡಿತು. ನೆರೆಯವರು ಬಕೆಟ್ಟಿನಲ್ಲಿ ಹೊತ್ತು ತಂದ ನೀರಿನಲ್ಲಿ ಸಾವಿನ ಮನೆ ನಡೆಯಿತು. ವಿಷಯ ತಿಳಿದಾಗ ನನಗೆ ಭೂಮಿಯೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಕಾರಣಗಳಿಗೆ ಸಾವನ್ನೂ ಸೇರಿಸಿದೆ. ಹಾಗೆ ಸೇರಿಸಿದರೆ ಸರಿಹೋಯಿತೇ ಎಂದು ಕೇಳಲು ಯಾರೂ ಇರಲಿಲ್ಲ.

ಆ ವಾರವೇ ಹಾಜಿ ದೈಫಲ್ಲಾ ನಮ್ಮ ಅಪ್ಪನಿಗೆ ಫೋನು ಮಾಡಿದರು. “ಅಬು ರಾಕಾನ್, ಶುಕ್ರವಾರ ಸಂಜೆ ನಾಲ್ಕು ಜನ ಹಿರಿಯರನ್ನ ಕರ್ಕೊಂಡು ನಿಮ್ಮನೆಗೆ ಬರ್ತೀವಿ. ಒಂದು ಬೇಡಿಕೆ ಇದೆ.”

ಏನು ಬೇಡಿಕೆ ಎಂದು ಕೇಳುವುದು ಮರ್ಯಾದೆಯಲ್ಲ. ಅಪ್ಪ ಕೇಳಲೂ ಇಲ್ಲ. ಮೂವತ್ತು ದಾಟಿ ಎಷ್ಟೋ ವರ್ಷವಾದ ಮಗಳು ಮನೆಯಲ್ಲಿರುವಾಗ ಹಾಜಿ ಇನ್ನೇನಕ್ಕೆ ಬರುತ್ತಾರೆ? ಅಪ್ಪ ಕ್ಷೌರ ಮಾಡಿಸಿಕೊಂಡು ಬಂದು, ಸಾಲದೆಂದು ಮನೆಯಲ್ಲೂ ಒಮ್ಮೆ ಗಡ್ಡ ಕೆರೆದುಕೊಂಡರು. ಪೇಟೆಯಿಂದ ದೊಡ್ಡ ತಟ್ಟೆ ಕುನಾಫಾ ಸಿಹಿ ತಂದರು.

“ನೀಲಿ ಉಡುಪು ಹಾಕ್ಕೊ,” ಎಂದರು ನನ್ನ ಕಡೆ ನೋಡದೆ.

“ಯಾಬಾ, ಯಾರು ಅಂತಾದ್ರೂ ಗೊತ್ತಾ?”

“ಯಾರಾದ್ರೇನು? ಹಾಜಿ ಕೆಟ್ಟವರ ಪರ ಬರ್ತಾರಾ?”

ನಾನು ತಲೆ ಚಚ್ಚಿಕೊಂಡೆ. ಆದರೂ ಕಂಪನಿಯ ಗಂಡಸರನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿ ನೋಡಿದೆ. ಪಂಪ್‌ಹೌಸಿನ ವಿಧುರನೇ? ಬಿಲ್ಲಿನ ವಿಭಾಗದ ಆ ಬೋಳುತಲೆಯವನೇ? ಯಾರೂ ಹೊಂದಲಿಲ್ಲ. ಒಂದಿಬ್ಬರನ್ನು ಎರಡನೇ ಸಲವೂ ನೋಡಿದೆ, ಸುಳ್ಳೇಕೆ ಹೇಳಲಿ. ಕೊನೆಗೆ ನೀಲಿ ಉಡುಪನ್ನೇ ಹಾಕಿಕೊಂಡೆ.

ಶುಕ್ರವಾರ ಹಿರಿಯರು ಬಂದರು. ನಾನು ಅಡುಗೆಮನೆಯ ಪರದೆಯ ಹಿಂದೆ ನಿಂತೆ. ರಾಕಾನ್ ಕಾಫಿ ಬಗ್ಗಿಸಿದ. ಹಾಜಿ ಬಟ್ಟಲನ್ನು ಮುಂದಿಟ್ಟರು. ದೇವರ ಸ್ತುತಿ ಮುಗಿಸಿ “ನಾವೊಂದು ಬೇಡಿಕೆ...” ಅನ್ನುವಷ್ಟರಲ್ಲೇ ಅಪ್ಪನಿಗೆ ತಡೆಯಲಾಗಲಿಲ್ಲ.

“ಕುಡೀರಿ ಹಾಜಿ, ಕುಡೀರಿ! ನೀವು ಕೇಳಿದ್ದು ಆಯ್ತು. ಕೊಟ್ಟಾಯ್ತು!”

ಹಾಜಿ ಕುಡಿಯಲಿಲ್ಲ. ಪಕ್ಕಕ್ಕೆ ತಿರುಗಿದರು. ಆ ಕಡೆ ಕೂತಿದ್ದವನು ಕೆಮ್ಮಿದ. ಕೆಮ್ಮಿನಲ್ಲೇ ಗುರುತು ಹಿಡಿದೆ, ಅಬು ನೌಫಲ್.

“ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಅಬು ರಾಕಾನ್,” ಎಂದ ಅವನು. “ನಾವು ಕೇಳೋಕೆ ಬಂದಿರೋದು ಐನ್ ಸಿದ್ರ್ ಶಾಖೇನ. ಮೇಲಿನ ಓಣೀಲಿ ಏನಾಯ್ತು ಅಂತ ನಿಮಗೆ ಗೊತ್ತು. ನಮ್ಮ ಕಚೇರಿ ನಮಗೆ ವಾಪಸ್ ಬೇಕು.”

ಅಪ್ಪನ ಮುಖದ ಬೆಳಕು ಆರಿಹೋದದ್ದು ಪರದೆಯ ಸಂದಿನಿಂದ ನನಗೆ ಕಂಡಿತು. ಸಿಟ್ಟು ನೆತ್ತಿಗೇರಿತು. ಪರದೆ ಸರಿಸಿ ಹಜಾರಕ್ಕೇ ನುಗ್ಗಿದೆ.

“ಕಂಪನಿಯ ಶಾಖೇನ ಕೊಡೋಕೆ ಅದೇನು ನಮ್ಮಪ್ಪನ ಆಸ್ತಿನಾ?”

“ಅಲ್ಲ ಮಗಳೇ,” ಎಂದ ಅಬು ನೌಫಲ್ ಮೆತ್ತಗೆ. “ನನ್ನ ಆಸ್ತೀನೂ ಆಗಿರ್ಲಿಲ್ಲ. ಆದ್ರೂ ನೀನು ನನ್ನ ಮನೇಲಿ ಕೂತು ನನ್ನ ಬಾಯಿಂದ ಕೊಡಿಸ್ಕೊಂಡೆ. ನನ್ನ ಮಾತು ನಡೀತು. ನಿಮ್ಮಪ್ಪನ ಮಾತು ನಡೆಯಲ್ವಾ?”

ಅವನು ಕೊಟ್ಟ ಮಾತನ್ನು ನಾನು ದಸ್ತಾವೇಜಿಗೆ ಏರಿಸಿದ್ದೆ, ಅದರ ಮೇಲೆ ಸಿಹಿ ತಿಂದಿದ್ದೆ. ಅಪ್ಪನ ಮಾತು ಲೆಕ್ಕಕ್ಕಿಲ್ಲ ಅಂದರೆ ಅವನದ್ದೂ ಇರಲಿಲ್ಲ. ಇದೆ ಅಂದರೆ ನಾಳೆ ಬೆಳಿಗ್ಗೆ ನಾನು ಡಾಕ್ಟರ್ ವಾಸೆಫ್ ಮುಂದೆ ನಿಂತು ಶಾಖೆ ಮತ್ತೆ ಬೆಟ್ಟ ಹತ್ತಬೇಕು ಅನ್ನಬೇಕು, ಆಮೇಲೆ ಕಿಟಕಿ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಪ್ಪ ಒಬ್ಬರು ಮಾತ್ರ ನೋಡುತ್ತಿರಲಿಲ್ಲ.

“ಕಾಫಿ ಕುಡೀರಿ ಹಾಜಿ,” ಅಂದೆ. “ಯಾಬಾ ಹೇಳಿದ್ರಲ್ಲ.”

ಅವರು ಕುಡಿದರು, ಕುನಾಫಾ ತಿಂದರು, ಅಪ್ಪನ ಮನೆತನವನ್ನು ಹೊಗಳಿ ಹೋದರು. ರಾಕಾನ್ ಬಟ್ಟಲುಗಳನ್ನು ಒಳಗೆ ಒಯ್ದ. ಅಪ್ಪ ಕೂತಲ್ಲಿಂದ ಏಳಲಿಲ್ಲ.

“ನಾನು ನಿನ್ನ ಕೆಲಸ ಕಳೆದುಬಿಟ್ಟೆ, ಅಲ್ವಾ ಮಗಳೇ?”

“ಇಲ್ಲ ಯಾಬಾ. ಬೇರೆ ಕೊಡ್ತಾರೆ.”

“ಏನಕ್ಕೆ ಬಂದ್ರಿ ಅಂತ ಮೊದಲೇ ಕೇಳ್ಬೇಕಿತ್ತು.” ನುಣ್ಣಗೆ ಕೆರೆದ ಗಲ್ಲ ಸವರಿಕೊಂಡರು. “ಕೇಳಿದ್ರೆ ಎಲ್ಲಿ ಎದ್ದು ಹೋಗ್ತಾರೋ ಅಂತ ಭಯ ಆಯ್ತು.”

ನಾನು ಅವರ ಪಕ್ಕ ಕೂತೆ. ಪರದೆಯ ಹಿಂದೆ ನಿಂತಿದ್ದಾಗ ನನಗೂ ಅದೇ ಭಯವಾಗಿತ್ತು.